ಫ್ಯಾನಿಗೆ ಕಟ್ಟಿದ್ದ ಬಲೆ

ಲಾರಿಯ ಇಂಜಿನಿನ ಫ್ಯಾನಿನ ಒಂದು ಅಲಗಿನಿಂದ ರೇಡಿಯೇಟರಿನ ಎಡಮೂಲೆಗೆ ಜೇಡ ಬಲೆ ಕಟ್ಟಿತ್ತು. ಅಂಗೈ ಅಗಲದ ಬಲೆ. ಅದರಲ್ಲಿ ಒಣಗಿದ ಎರಡು ಸೊಳ್ಳೆಗಳು. ಎಳೆಗಳ ಮೇಲೆ ನುಣ್ಣನೆಯ ಧೂಳು. ಒಂದು ಎಳೆಯೂ ಹರಿದಿರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ನಾನು ಅದನ್ನು ಸ್ಪಷ್ಟವಾಗಿ ನೋಡಿದೆ. ಬೇರೆ ಯಾರೂ ನೋಡಲಿಲ್ಲ.

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಮನೆಯಲ್ಲಿ ಸೋದರತ್ತೆಯಂದಿರು ಅದು ಕಂಡಿತು, ಇದು ಕೇಳಿಸಿತು ಎಂದಾಗ, “ಎಷ್ಟು ಗಂಟೆಗೆ? ಎಷ್ಟು ದೂರದಿಂದ?” ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನಗೇ ಯಾರಾದರೂ ಆ ಪ್ರಶ್ನೆಗಳನ್ನು ಕೇಳಿದರೆ ಉತ್ತರವೇನೋ ಉಂಟು: ಬೆಳಿಗ್ಗೆ ಆರು ಗಂಟೆಗೆ, ಒಂದು ಅಡಿ ದೂರದಿಂದ. ಆದರೆ ಅದರಿಂದ ಏನೂ ತಿಳಿಯಾಗುವುದಿಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ವರ್ಷ ಅದು. ಹಂಚಿನ ಕಾರ್ಖಾನೆಗಳಿಂದ ಬಂದರಿಗೆ ಹಂಚು ಸಾಗಿಸುತ್ತಿದ್ದ ಅಪ್ಪನಿಗೆ ಇನ್ನೊಂದು ಲಾರಿ ಬೇಕಾಗಿತ್ತು. ಕುದ್ರೋಳಿಯ ಹಸನಬ್ಬ ಎಂಬವರು ತೀರಿಕೊಂಡು ನಲವತ್ತು ದಿನವಾಗಿತ್ತು. ಅವರ ಹಳೆಯ ಡೀಸೆಲ್ ಲಾರಿಯನ್ನು ಹೆಂಡತಿ ಆಯಿಷಮ್ಮ ಮಾರುತ್ತಾರೆಂದು ಸುದ್ದಿ ಬಂತು. ಆ ಹಣದಲ್ಲಿ ಹೊಲಿಗೆ ಯಂತ್ರ ತೆಗೆದುಕೊಂಡು, ತಮ್ಮನ ಹಂಗಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಬೇಕೆಂದು ಆಕೆಯ ಯೋಚನೆ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಆಕೆ ಹೊರಗಿನ ಗಂಡಸರ ಎದುರು ಬರುವಂತಿರಲಿಲ್ಲ. ಒಳಗೆ ಹೋಗಿ ಮಾತನಾಡಲು ಒಬ್ಬ ಹೆಂಗಸು ಬೇಕೆಂದು ಅಪ್ಪ ನನ್ನನ್ನು ಕರೆದುಕೊಂಡು ಹೋದರು.

ಹಳೆಯ ಡೀಸೆಲ್ ಇಂಜಿನನ್ನು ತಣ್ಣಗಿರುವಾಗಲೇ ನೋಡಬೇಕೆಂಬುದು ಲಾರಿಯವರ ಕ್ರಮ. ಸವೆದ ಇಂಜಿನ್ ಬೆಳಿಗ್ಗೆ ಮೊದಲ ಸಲ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲ, ಹೊಗೆ ಕಾರುತ್ತದೆ. ಬಿಸಿಯಾದ ಮೇಲೆ ಆ ದೋಷ ಗೊತ್ತಾಗುವುದಿಲ್ಲ. ಅದಕ್ಕಾಗಿ ಕೆಲವರು, ಕೊಳ್ಳುವವರು ಬರುವ ಮೊದಲೇ ಓಡಿಸಿ ಬಿಸಿ ಮಾಡಿಡುತ್ತಾರೆ. ಹಾಗಾಗಿ ಬಾನೆಟ್ ಎತ್ತಿದ ಕೂಡಲೇ ಇಂಜಿನಿನ ಮೇಲೆ ಕೈಯಿಟ್ಟು ನೋಡುವುದು ಮೊದಲ ಪರೀಕ್ಷೆ.

ಲಾರಿ ಮನೆಯ ಪಕ್ಕದಲ್ಲಿ, ತೆಂಗಿನ ಮಡಲಿನ ಚಪ್ಪರದ ಕೆಳಗೆ ನಿಂತಿತ್ತು. ಸೂರ್ಯ ಹುಟ್ಟಿರಲಿಲ್ಲ. ಟಾರ್ಚು ನನ್ನ ಕೈಯಲ್ಲಿತ್ತು. ನಮ್ಮ ಮೆಕ್ಯಾನಿಕ್ ಲಾದ್ರು ಮೇಸ್ತ್ರಿ ಬಾನೆಟ್ ಎತ್ತಿದ.

“ಹಗ್ಗ ಎಳೆದು ಎಳೆದು ನನ್ನ ಕೈ ಹಲಗೆ ಆಗಿದೆ. ನೀನು ಮುಟ್ಟಿ ನೋಡು ಮಗಾ” ಎಂದರು ಅಪ್ಪ.

ಮುಟ್ಟಿದೆ. ಕಾಫಿ ತುಂಬಿದ ಲೋಟದ ಹೊರಮೈಯಷ್ಟು ಬಿಸಿ. “ಬಿಸಿ ಉಂಟು” ಎಂದುಬಿಟ್ಟೆ.

ಲಾದ್ರುವೂ ಕೈಯಿಟ್ಟ. “ಹೌದು ಶೆಟ್ರೇ. ಇದರ ಮೇಲೆ ದೋಸೆ ಹೊಯ್ಯಬಹುದು.”

ಆಯಿಷಮ್ಮನ ತಮ್ಮ ಇದಿನಬ್ಬ ಓಡಿ ಬಂದ. “ಎಂತ ಮಾತು ಮಾರಾಯ್ರೇ! ಭಾವ ಹೋದ ಮೇಲೆ ಇದನ್ನು ಯಾರೂ ಮುಟ್ಟಲಿಲ್ಲ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಅಕ್ಕನ ಮಂಚದ ಅಡಿಯಲ್ಲಿ ಇಟ್ಟಿದ್ದೇವೆ.”

“ಬ್ಯಾಟರಿಗೆ ಕಾಲಿಲ್ಲ. ನಿನಗೆ ಉಂಟಲ್ಲ?” ಎಂದ ಲಾದ್ರು. ಅಪ್ಪ ನಕ್ಕು, “ನನ್ನ ಮಗಳ ಕೈಗೆ ಮೋಸ ಮಾಡ್ಲಿಕ್ಕೆ ಆಗುವುದಿಲ್ಲ” ಎಂದರು. ಅವರು ನಾಲ್ಕು ಜನರ ಎದುರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಆಗಲೇ ಟಾರ್ಚಿನ ಬೆಳಕು ಕೆಳಗೆ ಜಾರಿ ಬಲೆ ಕಂಡದ್ದು. ಇಂಜಿನ್ ತಿರುಗಿದರೆ ಫ್ಯಾನೂ ತಿರುಗಲೇಬೇಕು. ಆ ಧೂಳು ಕುಳಿತ ಬಲೆ ಒಂದು ರಾತ್ರಿಯದ್ದಲ್ಲ. ಅಂದರೆ ಇಂಜಿನನ್ನು ಯಾರೂ ಓಡಿಸಿರಲಿಲ್ಲ. ಆದರೂ ಅದು ಬಿಸಿಯಾಗಿತ್ತು.

ಅಷ್ಟರಲ್ಲಿ ಅಪ್ಪ, “ಒಳಗೆ ಹೋಗಿ ಅವರನ್ನೇ ಕೇಳು” ಎಂದರು. ಆಯಿಷಮ್ಮ ಬಾಗಿಲ ಮರೆಯಲ್ಲೇ ನಿಂತಿದ್ದರು, ಎಲ್ಲವೂ ಕೇಳಿಸಿತ್ತು. “ಅಲ್ಲಾಹನ ಆಣೆ ಮಗಳೇ, ಯಾರೂ ಮುಟ್ಟಲಿಲ್ಲ. ನೀನು ಓದಿದವಳು. ನೀನು ಹೇಳಿದರೆ ಅವರು ಕೇಳ್ತಾರೆ” ಎಂದು ನನ್ನ ಕೈ ಹಿಡಿದರು.

ನಾನು ಹೊರಗೆ ಬಂದು, “ಇಲ್ಲ ಅಂತ ಹೇಳ್ತಾರೆ” ಎಂದೆ. ಅಷ್ಟೇ. ಬಲೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ, ಯಾರೂ ಓಡಿಸದ ಇಂಜಿನ್ ತಾನಾಗಿ ಬಿಸಿಯಾಗಿದೆ ಎಂದು ನಾನೇ ಹೇಳಬೇಕಾಗುತ್ತಿತ್ತು. ನನಗೆ ಅತ್ತೆಯಂದಿರ ಮುಖ ನೆನಪಾಯಿತು. ಲಾದ್ರು ತಾನು ತಂದಿದ್ದ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿದ. ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಫ್ಯಾನು ತಿರುಗಿತು, ಬಲೆ ಇಲ್ಲವಾಯಿತು.

“ಬಿಸಿ ಮಾಡಿಟ್ಟದ್ದು ಸ್ಟಾರ್ಟ್ ಆಗದೆ ಇರುತ್ತದಾ? ಸುಳ್ಳು ಹೇಳುವವರ ಲಾರಿ ನಮಗೆ ಬೇಡ” ಎಂದು ಅಪ್ಪ ಬಾಗಿಲಿನತ್ತ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಬಿಸಿಗೆ ಕಾರಣವನ್ನು ನಾನು ಈಗಲೂ ಹುಡುಕುತ್ತಿದ್ದೇನೆ. ಬಿಸಿಲಿರಲಿಲ್ಲ. ಹತ್ತಿರ ಒಲೆಯಿರಲಿಲ್ಲ. ನನ್ನ ಕೈಯ ಭ್ರಮೆ ಎನ್ನಲು ಲಾದ್ರುವಿನ ಕೈಯೂ ಇತ್ತು. ಹಸನಬ್ಬರು ದಿನವೂ ಅದೇ ಹೊತ್ತಿಗೆ ಲಾರಿ ಸ್ಟಾರ್ಟ್ ಮಾಡುತ್ತಿದ್ದರೆಂದು ಆಮೇಲೆ ಯಾರೋ ಹೇಳಿದರು. ಅದನ್ನು ಏನು ಮಾಡಬೇಕೆಂದು ನನಗೆ ತಿಳಿದಿಲ್ಲ. ತಿಳಿದಿರುವುದು ಇಷ್ಟೆ: ಲಾದ್ರುವಿನ ಬಾಯಿಂದ ಸುದ್ದಿ ಬಂದರಿನ ತುಂಬ ಹಬ್ಬಿತು. ಒಳ್ಳೆಯ ಇಂಜಿನಿದ್ದ ಆ ಲಾರಿಯನ್ನು ಯಾರೂ ಕೊಳ್ಳಲಿಲ್ಲ. ವರ್ಷದ ಮೇಲೆ ಅದು ಗುಜರಿಗೆ ಹೋಯಿತು.

ಲಾರಿ ನೋಡಿ ಬಂದ ಮರುದಿನ ಬೆಳಿಗ್ಗೆಯೇ, ಇಂಜಿನನ್ನು ಮತ್ತೊಮ್ಮೆ ನೋಡಬೇಕೆಂದು ಟಾರ್ಚನ್ನು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಕುದ್ರೋಳಿಗೆ ಹೋದೆ. ಲಾರಿಯ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ನೇರ ಒಳಗೆ ಹೋಗಿ ಆಯಿಷಮ್ಮನಿಗೆ ಬಲೆಯ ವಿಷಯ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ.

“ನನಗೆ ಯಾಕೆ ಹೇಳ್ತೀ? ನನಗೆ ಗೊತ್ತುಂಟಲ್ಲ. ಆ ಲಾರಿಯವರ ಹತ್ತಿರ ಹೇಳು.”

ಅಲ್ಲಿಂದ ಬಂದರಿನಲ್ಲಿದ್ದ ಲಾದ್ರುವಿನ ಗ್ಯಾರೇಜಿಗೆ ನಡೆದೆ. ಹತ್ತು ಹನ್ನೆರಡು ಮಂದಿ ಡ್ರೈವರುಗಳು ಚಹಾ ಕುಡಿಯುತ್ತಾ ನಿಂತಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು.

“ಎಂತ ಮಗಳೇ, ಇಷ್ಟು ದೂರ?” ಎಂದ ಲಾದ್ರು.

“ಅಪ್ಪನ ಟಾರ್ಚು ಇಲ್ಲಿ ಉಳಿದಿದೆಯಾ ಅಂತ ನೋಡ್ಲಿಕ್ಕೆ ಬಂದೆ” ಎಂದೆ.

ಅವನು ಪಾಪ, ಚಹಾ ಕೆಳಗಿಟ್ಟು ಹುಡುಕತೊಡಗಿದ. ನಾನು ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.