ಗಾಡಿಯ ಮೇಲಿನ ಬುಟ್ಟಿ

ಶ್ರೀನಿವಾಸಪುರದ ನಮ್ಮ ಮಾವಿನ ತೋಪಿನಲ್ಲಿ ಗಾಡಿ ತುಂಬುವುದಕ್ಕೆ ಒಂದು ಕ್ರಮವಿತ್ತು. ಕೊನೆಗೆ ಇಳಿಯುವ ಬುಟ್ಟಿ ಮೊದಲು ಏರಬೇಕು. ಮೊದಲು ಇಳಿಯುವುದು ಎಲ್ಲದರ ಮೇಲಿರಬೇಕು. ಆ ಮೇಲಿನ ಬುಟ್ಟಿ ನನ್ನ ಅಣ್ಣನದು. ಅವನು ಹಡಗೊಂದರಲ್ಲಿ ವೈರ್‌ಲೆಸ್ ಆಪರೇಟರ್. ದಡಕ್ಕೆ ಬಂದಾಗ ಮದರಾಸಿನ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಿದ್ದ. ಅದಕ್ಕೇ ಅಮ್ಮ ಪ್ರತಿ ಮಾವಿನ ಕಾಲದಲ್ಲೂ ಒಂದು ಬುಟ್ಟಿ ರಸಪುರಿಗೆ ಕೆಂಪು ಬಟ್ಟೆ ಹೊಲಿದು ಗಾಡಿಯ ಮೇಲಿಡಿಸುತ್ತಿದ್ದಳು. ಗಾಡಿ ಹಣ್ಣು ಮಾರುವ ಮಂಡಿಗೆ ಹೋಗುವ ಮುಂಚೆ ಅದು ರೈಲ್ವೆ ಸ್ಟೇಷನ್‌ನಲ್ಲಿ ಇಳಿದು ಮದರಾಸಿಗೆ ಹೋಗುತ್ತಿತ್ತು.

ಅವನು ಕಡೆಯ ಸಲ ರಜೆಗೆ ಬಂದಾಗ ಯುದ್ಧ ಶುರುವಾಗಿತ್ತು. ಕೋಲಾರದ ಕಾನ್ವೆಂಟ್ ಬೋರ್ಡಿಂಗಿನಿಂದ ನಾನೂ ಸಮ್ಮರ್ ಹಾಲಿಡೇಸ್‌ಗೆ ಬಂದಿದ್ದೆ. ಗಾಡಿ ತುಂಬಿಸುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು:

"ಎಲ್ಲಿ ನೋಡಿದ್ರೂ ಹಡಗು ಮುಳುಗಿದ ಸುದ್ದೀನೇ ನಾಯನಾ. ನಿಂದು ಎಂಥಾ ಹಡಗು, ಅದನ್ನಾದ್ರೂ ಹೇಳು."

"ಅಪ್ಪನ ಗಾಡಿ ಇದ್ದಂಗೇ ಕಣಮ್ಮಾ. ಜನರಲ್ ಕಾರ್ಗೋ ಅಂತಾರೆ. ಅಕ್ಕಿ ಮೂಟೆ, ಚರ್ಮ, ಟೀ ಪೆಟ್ಟಿಗೆ, ಮಿಷನ್ನು, ಒಂದ್ಸಲ ಯಾರೋ ದೊರೆಸಾನಿಯ ಪಿಯಾನೋ. ಏನ್ ಕೊಟ್ರೂ ಹಾಕ್ಕೊಂಡು ಹೋಗುತ್ತೆ."

"ಎಲ್ಲಾ ಒಂದೇ ಕಡೆ ಹಾಕಿದ್ರೆ ಜಜ್ಜಿ ಹೋಗಲ್ವೇನೋ?"

"ಹೊಟ್ಟೆಯೊಳಗೆ ಅಟ್ಟ ಇರುತ್ತಲ್ಲ! ಭಾರದ್ದು ಕೆಳಗೆ, ನಾಜೂಕಾದ್ದು ಅಟ್ಟದ ಮೇಲೆ. ನೀನು ಹುಲ್ಲು ಇಡ್ತೀಯಲ್ಲ, ಹಂಗೆ ಮಧ್ಯೆ ಹಲಗೆ, ಚಾಪೆ. ಸಾಮಾನು ಎತ್ತೋಕೆ ಇಳಿಸೋಕೆ ಅದರ ಮೈಮೇಲೇ ಏತದಂಥ ಕಂಬಗಳು. ಎಂಥಾ ಸಣ್ಣ ಬಂದರಾದ್ರೂ ಯಾರ ಹಂಗೂ ಇಲ್ಲ."

"ಎಲ್ಲಾ ಹಡಗೂ ಹಂಗೇನಾ?"

"ಎಲ್ಲಿ ಬಂತು! ಕಲ್ಲಿದ್ದಲ ಹಡಗಿಗೆ ಬರೀ ಕಲ್ಲಿದ್ದಲು. ಟ್ಯಾಂಕರ್ ಅಂದ್ರೆ ಸೀಮೆಎಣ್ಣೆಯವನ ಪೀಪಾಯಿ ಗಾಡಿ. ಒಳಗೆಲ್ಲ ತೊಟ್ಟಿ, ಪೈಪು. ಒಂದು ಮೂಟೆ ಇಡೋಕೂ ಜಾಗ ಇಲ್ಲ. ಎಣ್ಣೆ ತುಂಬಿದ ಕಡೆಯಿಂದ ಸುರಿಯೋ ಕಡೆಗೆ ನೆಟ್ಟಗೆ ಹೋಗುತ್ತೆ. ನಮ್ದು ಊರೂರಿಗೆ ನಿಲ್ಲುತ್ತೆ."

ಅಮ್ಮನಿಗೆ ಕೊನೆಯ ಮಾತೊಂದೇ ಹಿಡಿಸಿತು. "ನಿಲ್ಲುತ್ತಲ್ಲ, ಸಾಕು. ಭಯ ಆದ್ರೆ ಎಲ್ಲಾದ್ರೂ ಇಳ್ಕೊಂಬಿಡು."

ಗಾಡಿಯವನು ಹಗ್ಗ ಬಿಟ್ಟು ನಕ್ಕ. "ಇದೇನಮ್ಮಾ, ಕೋಲಾರದ ಬಸ್ಸಾ?"

ಎಲ್ಲರೂ ನಕ್ಕೆವು. ಆಮೇಲೆ ಬಾವಿಯ ಹತ್ತಿರ ಅಣ್ಣ ನನಗೊಬ್ಬಳಿಗೇ ಹೇಳಿದ: "ನನ್ನನ್ನ ಟ್ಯಾಂಕರ್‌ಗೆ ಹಾಕದಿದ್ರೆ ಸಾಕು ಕಣೇ. ಅದು ಹತ್ಕೊಂಡ್ರೆ ಸುತ್ತ ಇರೋ ನೀರೂ ಉರಿಯುತ್ತೆ."

ಮರುವರ್ಷ ಬೋರ್ಡಿಂಗಿಗೆ ಅವನ ಕಾಗದ ಬಂತು, ಇಂಗ್ಲಿಷಿನಲ್ಲಿ. ಆಗ ಸೆನ್ಸಾರ್ ಇತ್ತು, ಹಡಗಿನ ವಿಷಯ ಬರೆಯುವಂತಿರಲಿಲ್ಲ. "ಅಪ್ಪನ ಗಾಡಿ ಬಿಟ್ಟು ಸೀಮೆಎಣ್ಣೆಯವನ ಗಾಡಿ ಹತ್ತಿದ್ದೇನೆ. ಅಮ್ಮನಿಗೆ ಹೇಳಬೇಡ. ಬಿ ಎ ಗುಡ್ ಗರ್ಲ್." ನನಗೆ ಹದಿನಾಲ್ಕು. ಗುಡ್ ಗರ್ಲ್ ಆಗಿರುವುದೊಂದನ್ನು ಕಾನ್ವೆಂಟ್ ನನಗೆ ಚೆನ್ನಾಗಿ ಕಲಿಸಿತ್ತು. ಕಾಗದವನ್ನು ಅಟ್ಲಾಸಿನೊಳಗಿಟ್ಟು ಸುಮ್ಮನಾದೆ.

ಕೆಲವೇ ತಿಂಗಳಲ್ಲಿ ಟೆಲಿಗ್ರಾಂ ಬಂತು: ಮಿಸ್ಸಿಂಗ್. ಅಪ್ಪ ಕೋಲಾರಕ್ಕೆ ಬಂದು ನನ್ನನ್ನು ಊರಿಗೆ ಕರೆದುಕೊಂಡು ಹೋದರು. ಅಮ್ಮ ಅಳುತ್ತಿರಲಿಲ್ಲ. ರಾಗಿ ಕೇರುತ್ತಾ ಕೂತಿದ್ದಳು.

"ಸಿಕ್ಕಿಲ್ಲ ಅಂತ ತಾನೇ ಬರೆದಿರೋದು? ಸತ್ತ ಅಂತಲ್ಲವಲ್ಲ. ಅವನ ಹಡಗು ಊರೂರಿಗೆ ನಿಲ್ಲುತ್ತೆ. ಎಲ್ಲೋ ಇಳ್ಕೊಂಡಿದಾನೆ."

ಆ ಬೇಸಿಗೆಯಲ್ಲೂ ಕೆಂಪು ಬಟ್ಟೆಯ ಬುಟ್ಟಿ ಗಾಡಿಯ ಮೇಲೇರಿತು, ಮರುಬೇಸಿಗೆಯಲ್ಲೂ. ದಡ ಮುಟ್ಟಿದ ಕೂಡಲೇ ಅವನು ಮೊದಲು ಚಿಕ್ಕಮ್ಮನ ಮನೆಗೇ ಬರುವವನೆಂದು ಅಮ್ಮನ ಲೆಕ್ಕ. ಚಿಕ್ಕಮ್ಮ ಹಣ್ಣನ್ನು ಬೀದಿಯವರಿಗೆ ಹಂಚಿ, ಏನೂ ಬರೆಯಲಾರದೆ, "ಬುಟ್ಟಿ ತಲುಪಿತು ಅಕ್ಕ" ಎಂದಷ್ಟೇ ಕಾರ್ಡು ಹಾಕುತ್ತಿದ್ದಳು.

ಅಪ್ಪನಿಗೆ ಮಗನ ಕರ್ಮ ಮುಗಿಸಬೇಕಿತ್ತು. "ಎಳ್ಳುನೀರು ಬಿಡೋರಿಲ್ಲದೆ ಅವನು ಇನ್ನೆಷ್ಟು ದಿನ ಅಲೀಬೇಕೇ?" ಎನ್ನುತ್ತಿದ್ದರು.

"ಬದುಕಿರೋ ಮಗನಿಗೆ ಎಳ್ಳುನೀರು ಬಿಡ್ತೀರಾ? ನಿಮ್ಮ ಕೈ ಹೆಂಗೆ ಬರುತ್ತೆ?"

ಕ್ರಮೇಣ ಇಬ್ಬರೂ ಮಾತು ಬಿಟ್ಟರು. "ಊಟಕ್ಕೆ ಬರ್ಬೇಕಂತೆ" ಎಂದು ಜಗಲಿಗೆ ಹೋಗಿ ಹೇಳುವುದು ರಜೆಯಲ್ಲಿ ನನ್ನ ಕೆಲಸವಾಯಿತು. ಅಪ್ಪ ಸೊರಗುತ್ತಾ ಹೋದರು. ಕಾಗದ ಅಟ್ಲಾಸಿನಲ್ಲೇ ಇತ್ತು, ಇಂಡಿಯನ್ ಓಷನ್ ಇದ್ದ ಪುಟದಲ್ಲಿ. ಎರಡು ವರ್ಷ ಮುಚ್ಚಿಟ್ಟದ್ದನ್ನು ಈಗ ಹೇಗೆ ತೆಗೆಯುವುದೆಂದು ನನಗೆ ತಿಳಿಯುತ್ತಿರಲಿಲ್ಲ.

ಮೂರನೆಯ ಬೇಸಿಗೆ. ಬುಟ್ಟಿ ಮೇಲೇರಿತ್ತು, ಗಾಡಿಯವನು ಹಗ್ಗ ಬಿಗಿಯುತ್ತಿದ್ದ. ನಾನು ಕಾಗದ ಹಿಡಿದು ಅಮ್ಮನ ಪಕ್ಕ ನಿಂತೆ.

"ಅಮ್ಮ, ಕೊನೇಲಿ ಅಣ್ಣ ಆ ಹಡಗಲ್ಲಿ ಇರ್ಲಿಲ್ಲ."

ಕನ್ನಡದಲ್ಲಿ ಓದಿ ಹೇಳಿದೆ. ಓದಲು ಬಾರದ ಅವಳು ಕಾಗದವನ್ನು ಕೈಗೆ ತೆಗೆದುಕೊಂಡು, ಅವನ ಹ್ಯಾಂಡ್‌ರೈಟಿಂಗ್ ಮೇಲೆ ಬೆರಳಾಡಿಸಿದಳು.

"ಯಾವಾಗ ಬಂತು ಇದು?"

ಹೇಳಿದೆ. ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸೀಮೆಎಣ್ಣೇದು... ಮಧ್ಯದಲ್ಲಿ ಎಲ್ಲೂ ನಿಲ್ಲಲ್ವಾ?"

"ಇಲ್ಲಮ್ಮ. ನೆಟ್ಟಗೆ ಹೋಗುತ್ತೆ."

ನೀರೂ ಉರಿಯುತ್ತದೆಂಬ ಮಾತನ್ನು ಮಾತ್ರ ನಾನು ಹೇಳಲಿಲ್ಲ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಅಮ್ಮ ಗಾಡಿಯ ಹತ್ತಿರ ಹೋದಳು. "ಆ ಬುಟ್ಟಿ ಕೆಳಗೆ ಹಾಕಪ್ಪ."

"ಮದ್ರಾಸಿಗೆ ಹೋಗೋದಲ್ವಾ ಅಮ್ಮಾ, ಮೇಲಿರ್ಲಿ."

"ಮಂಡಿಗೆ ಹೋಗೋದು ಅದು. ತಳಕ್ಕೆ ಹಾಕು."

ಆ ಒಂದು ಬುಟ್ಟಿ ತಳಕ್ಕೆ ಹೋಗಬೇಕಾದರೆ ಇಡೀ ಗಾಡಿ ಖಾಲಿಯಾಗಬೇಕು. ಗಾಡಿಯವನು ಹಗ್ಗ ಬಿಚ್ಚಿದ. ಅಪ್ಪ ಜಗಲಿಯಿಂದ ಎದ್ದು ಬಂದು ಒಂದೊಂದೇ ಬುಟ್ಟಿಗೆ ಕೈ ಕೊಟ್ಟು ಇಳಿಸತೊಡಗಿದರು. ಅಮ್ಮ ಹೊಲಿಗೆ ಕಿತ್ತು, ಕೆಂಪು ಬಟ್ಟೆಯನ್ನು ನಾಲ್ಕಾಗಿ ಮಡಿಚಿ ನನ್ನ ಕೈಯಲ್ಲಿಟ್ಟಳು. ನನ್ನ ಮುಖ ನೋಡಲಿಲ್ಲ.