ಹೊಳೆಯಾಚೆಗೆ ಗಂಜಿ

ಮಂಕಿಯಲ್ಲಿ ಹುಟ್ಟಿ ಕುಮಟೆಯ ಹೊಳನಗದ್ದೆಗೆ ಸೊಸೆಯಾಗಿ ಬಂದ ಮಹಾಲಕ್ಷ್ಮೀಗೆ ಬಸ್ಸಿನ ಪ್ರಯಾಣವೆಂದರೆ ಶರಾವತಿಯನ್ನು ದಾಟುವುದು. ತವರಿಗೆ ಹೊರಟಾಗಲೆಲ್ಲ ಬಸ್ಸು ಹೊನ್ನಾವರದ ದಡದಲ್ಲಿ ನಿಲ್ಲುವುದು. ಜನರೆಲ್ಲ ಗಂಟುಮೂಟೆಯೊಡನೆ ಇಳಿದು ದೋಣಿಯೇರುವುದು. ಆಚೆ ದಡದಲ್ಲಿ ಭಟ್ಕಳದ ಬಸ್ಸು ಕಾದಿರುವುದು. ಹೊಳೆ ಬಂದೊಡನೆ ಇಳಿಯಬೇಕೆಂದು ಆಕೆಯ ಕಾಲಿಗೇ ಗೊತ್ತಿತ್ತು. ಮುಂದೆ ಸಿಂಹಳಕ್ಕೆ ಹೋಗುವಾಗಲೂ ಧನುಷ್ಕೋಟಿಯಲ್ಲಿ ರೈಲು ಇಳಿದು ಹಡಗು ಹತ್ತಿದ್ದಳು.

ಗಂಡ ವಿಘ್ನೇಶ್ವರ ಭಟ್ಟರು ಕೊಲಂಬೋದ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆಗೆ ನಿಂತಿದ್ದರು. ಒಲೆಯ ಬುಡ ಬಿಟ್ಟು ಊರು ನೋಡಿದವರಲ್ಲ. ಆಕೆಯೂ ದೇವಸ್ಥಾನದಾಚೆ ಕಾಲಿಟ್ಟವಳಲ್ಲ. ೧೯೫೯ರಲ್ಲಿ ಭಟ್ಟರು ವಿಷಮಜ್ವರದಿಂದ ಎಚ್ಚರ ತಪ್ಪಿದಾಗ ಹೋಟೆಲಿನವರು ಅವರನ್ನು ಕಾರಿನಲ್ಲಿ ಒಯ್ದು ಕೆಲನಿ ನದಿಯಾಚೆಯ ಆಸ್ಪತ್ರೆಗೆ ಸೇರಿಸಿದರು. ಜ್ವರವೇನೋ ಇಳಿಯಿತು, ಆದರೆ ಮಡಿವಂತರಾದ ಭಟ್ಟರು ಅಲ್ಲಿಯ ಅನ್ನ ಮುಟ್ಟಲಿಲ್ಲ. ಹೊಟ್ಟೆಗೆ ಬೀಳದಿದ್ದರೆ ಜೀವ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿಕಳುಹಿಸಿದರು.

ನೆರೆಯಲ್ಲಿದ್ದ ಭಟ್ಕಳದ ಜವಳಿ ವ್ಯಾಪಾರಿ ಸಿದ್ದೀಕ್ ಸಾಹೇಬರು ಗಂಜಿ ಒಯ್ಯಲು ಆಳು ಕೊಡುತ್ತೇನೆಂದರು.

"ಆಳು ಕೊಟ್ರೆ ಅವ್ರು ಉಣ್ಣೂದಿಲ್ಲ, ಸಾಹೇಬ್ರೆ. ನಾನೇ ಹೋಗ್ತೆ."

"ಇಲ್ಲಿ ಭಾಷೆ ಒಂದಕ್ಷರ ಬರೂದಿಲ್ಲ ನಿಮ್ಗೆ, ಎಂತ ಮಾಡ್ತ್ರಿ?"

"ಬಸ್ಸಿಗೆ ಎಂತ ಭಾಷೆ? ಹತ್ತೂದು, ಇಳಿಯೂದು."

ಸಾಹೇಬರು ನಕ್ಕು, ಬಸ್ಸು ಹತ್ತಿಸಿ, "ಹೊಳೆ ದಾಟಿದ ಕೂಡ್ಲೆ ಆಸ್ಪತ್ರೆ" ಎಂದರು.

ನದಿಯ ಈಚೆ ಬಸ್ಸು ನಿಂತಿತು. ಮಹಾಲಕ್ಷ್ಮೀ ಗಂಜಿಯ ಪಾತ್ರೆ ಹಿಡಿದು ಇಳಿದಳು. ಬೇರೆ ಯಾರೂ ಇಳಿಯಲಿಲ್ಲ. ದೋಣಿ ಎಲ್ಲಿಯೆಂದು ಆಕೆ ನೀರಂಚಿಗೆ ಕಣ್ಣು ಹಾಯಿಸುತ್ತಿರುವಾಗಲೇ ಬಸ್ಸು ಜನರ ಸಮೇತ ನದಿಯ ಮೇಲೆಯೇ ಹೊರಟುಹೋಯಿತು. ಸೇತುವೆ ಕಣ್ಣಿಗೆ ಬಿದ್ದದ್ದು ಆಗ.

ಅಳಲು ಹೊತ್ತಿರಲಿಲ್ಲ; ಸಂದರ್ಶಕರ ವೇಳೆ ಮೀರಿದರೆ ಗೇಟು ಹಾಕುತ್ತಿದ್ದರು. ಸೆರಗು ಬಿಗಿದು, ಇಡಗುಂಜಿಯ ಗಣಪತಿಯನ್ನು ನೆನೆದು, ಲಾರಿಗಳ ಧೂಳಿನಲ್ಲಿ ಆ ಉದ್ದದ ಸೇತುವೆಯನ್ನು ನಡೆದೇ ದಾಟಿದಳು.

ಹಾಸಿಗೆಯಲ್ಲಿದ್ದ ಭಟ್ಟರು ಆಕೆಯ ಕಾಲು ನೋಡಿದರು. "ನಡ್ಕಂಡು ಬಂದ್ಯನೆ?"

"ಮೊದ್ಲು ಉಣ್ಣಿ. ತಣಿತಾ ಇದ್ದು."

ಉಂಡರು. ಉಂಡು, "ಸಾಕು. ಪರದೇಶದಲ್ಲಿ ನೀ ಕಳದೋದ್ರೆ ಯಾರ ಕೇಳೂದು? ಊರಿಗೆ ಹೋಗು" ಎಂದರು.

"ನಾಳೆನೂ ಬತ್ತೆ."

ಮರುದಿನ ಹೊಳೆ ಕಂಡಾಗ ಕಾಲು ತಾನಾಗಿ ಎದ್ದಿತು. ಮುಂದಿನ ಸೀಟಿನ ಸರಳನ್ನು ಬಲವಾಗಿ ಹಿಡಿದು ಕುಳಿತೇ ಇದ್ದಳು. ಭಟ್ಟರು ಎದ್ದು ನಡೆದಾಡುವವರೆಗೆ ಒಂದು ದಿನವೂ ಗಂಜಿ ತಪ್ಪಲಿಲ್ಲ. ಕಂಡಕ್ಟರನೇ ಆಕೆಗಾಗಿ ಜಾಗ ಹಿಡಿದಿಡತೊಡಗಿದನು.

ಬಿಡುಗಡೆಯ ದಿನ ಇಬ್ಬರೂ ಬಸ್ಸಿನಲ್ಲಿ ಹೊರಟರು. ಬಸ್ಸು ದಡಕ್ಕೆ ಬಂದು ನಿಧಾನಿಸಿತು. ನೀರನ್ನು ಕಂಡ ಭಟ್ಟರು ಬರಿಪಾತ್ರೆಯನ್ನು ಬಗಲಿಗಿಟ್ಟು ಎದ್ದು ನಿಂತರು.

"ಏಳೆ, ಹೊಳೆ ಬಂತು. ದೋಣಿ ತಪ್ಪಿಹೋಗ್ತು."

ಮಹಾಲಕ್ಷ್ಮೀ ಅವರ ಶಾಲಿನ ತುದಿಯನ್ನು ಹಿಡಿದೆಳೆದಳು.

"ಕೂತ್ಕಳಿ. ಇಲ್ಲಿ ದೋಣಿ ಇಲ್ಲೆ."