ತಾಸೆ ನಿಲ್ಲುವ ತನಕ

ನಮ್ಮ ಮಾವನ ಕಿವಿಗಳೆಂದರೆ ಕಿವಿಗಳು! ಅಗಲಕ್ಕೆ ಅಗಲ, ಉದ್ದಕ್ಕೆ ಉದ್ದ. ಹಾಲೆಗಳು ಜೋತು ಬಿದ್ದು, ಒಂದು ಕಾಲದಲ್ಲಿ ಒಂಟಿ ಹಾಕುತ್ತಿದ್ದ ತೂತುಗಳು ಆಚೆಯ ಬೆಳಕು ಕಾಣುವಷ್ಟು ಹಿಗ್ಗಿದ್ದವು. ಎಡಗಿವಿಯ ಸಂದಿಯಲ್ಲಿ ಯಾವಾಗಲೂ ಅರ್ಧ ಸೇದಿ ನಂದಿಸಿಟ್ಟ ಬೀಡಿ. ನಾನು ಕಾಟಿಪಳ್ಳದಿಂದ ಮದುವೆಯಾಗಿ ಬಿಜೈಯ ಆ ಮನೆಗೆ ಬಂದ ವಾರದಲ್ಲೇ ಅತ್ತೆ ಆ ಕಿವಿಗಳನ್ನು ಕಣ್ಣಲ್ಲೇ ತೋರಿಸಿ, "ಇಷ್ಟುದ್ದ ಕಿವಿ ಇದ್ದವರಿಗೆ ಆಯುಷ್ಯ ಗಟ್ಟಿ ಮಗಾ. ನನ್ನ ಕುಂಕುಮಕ್ಕೆ ಎಂತ ಹೆದರಿಕೆಯೂ ಇಲ್ಲ" ಎಂದಿದ್ದರು. ಆಯುಷ್ಯದ ಮಾತು ಸುಳ್ಳಾಗಲಿಲ್ಲ. ಆ ಕಿವಿಗಳ ಒಳಗೆ ಏನಾಗುತ್ತಿದೆ ಎಂದು ಮಾತ್ರ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅದು ಐವತ್ತರ ದಶಕದ ನಡುಭಾಗ. ಮಾವ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಊರಲ್ಲಿ ಅವರನ್ನು ಹಂಚಿನ ಕೆಲಸದವರು ಎಂದು ಯಾರೂ ಗುರುತಿಸುತ್ತಿರಲಿಲ್ಲ. ಅವರು ತಾಸೆಯವರು. ನವರಾತ್ರಿಯ ಹುಲಿವೇಷಕ್ಕೆ ತಾಸೆ ಬಾರಿಸಲು ಅವರ ಸಮಾನ ಇನ್ನೊಬ್ಬರಿಲ್ಲ ಎಂಬುದು ಅತ್ತೆಯ ಮಾತು, ಬಂದರಿನ ಕೂಲಿಗಳ ಮಾತು, ಸ್ವತಃ ಮಾವನ ಮಾತು ಕೂಡ. ನಾಚಿಕೆ ಅವರ ಜಾಯಮಾನದಲ್ಲೇ ಇರಲಿಲ್ಲ.

ಆ ಸದ್ದನ್ನು ಬೈಯಲು ಇವತ್ತಿಗೂ ನನಗೆ ಮನಸ್ಸು ಬರುವುದಿಲ್ಲ. ತಾಸೆ ಎಂದರೆ ದೊಡ್ಡ ವಾದ್ಯವೇನಲ್ಲ. ತಾಮ್ರದ ಬೋಗುಣಿಯ ಬಾಯಿಗೆ ಆಡಿನ ಚರ್ಮ ಬಿಗಿದದ್ದು, ಕುತ್ತಿಗೆಯಿಂದ ಹೊಟ್ಟೆಯ ಮೇಲೆ ಇಳಿಬಿಟ್ಟು ಎರಡು ಸಣ್ಣ ಕೋಲುಗಳಿಂದ ಬಾರಿಸುವುದು. ಗುಟ್ಟು ಇರುವುದು ಬೆಂಕಿಯಲ್ಲಿ. ತೆಂಗಿನ ಒಣಗರಿಗೆ ಕಡ್ಡಿ ಗೀರಿ, ತಾಸೆಯ ಮುಖವನ್ನು ಉರಿಗೆ ಹಿಡಿದು ಚರ್ಮವನ್ನು ಕಾಯಿಸಬೇಕು. ಕಾದಷ್ಟೂ ಚರ್ಮ ಬಿಗಿಯುತ್ತದೆ, ಬಿಗಿದಷ್ಟೂ ಸದ್ದು ಹರಿತವಾಗುತ್ತದೆ. ಆಮೇಲೆ ಮೊದಲ ಪೆಟ್ಟು. ಅಬ್ಬಾ! ಅದು ಕಿವಿಗಿಂತ ಮೊದಲು ಎದೆಗೆ ಬರುತ್ತಿತ್ತು. ಹಿಂದಿನಿಂದ ಡೋಲು ಸೇರಿಕೊಂಡರೆ ಮುಗಿಯಿತು, ನಿಂತಲ್ಲೇ ಕಾಲು ಕುಣಿಯುತ್ತಿತ್ತು, ಮೈಯ ರೋಮ ಎದ್ದು ನಿಲ್ಲುತ್ತಿತ್ತು. ನಾನು ಮೊದಲ ಬಸಿರಿನಲ್ಲಿ ಜಗಲಿಯಲ್ಲಿ ಕೂತಿದ್ದಾಗ ಮಾವ ಅಂಗಳದಲ್ಲಿ ತಾಸೆ ಪರೀಕ್ಷೆ ಮಾಡಿದರು. ಹೊಟ್ಟೆಯೊಳಗೆ ಮಗು ಒದ್ದಿತು. "ಅದೂ ಹುಲಿಯೇ!" ಎಂದು ಅತ್ತೆ ಬಾಯಿ ತುಂಬ ನಕ್ಕಿದ್ದರು.

ಆ ಮನೆಯ ನಿಜವಾದ ಹುಲಿ ನಮ್ಮವರು. ಮಾವನ ಒಬ್ಬನೇ ಮಗ. ಸಣ್ಣವರಿದ್ದಾಗ ವಿಷಮಜ್ವರ ಬಂದು ಉಳಿಯುವುದಿಲ್ಲ ಎಂದಾದಾಗ, ಬದುಕಿದರೆ ಪ್ರತಿ ನವರಾತ್ರಿಗೆ ಹುಲಿವೇಷ ಹಾಕಿಸುತ್ತೇನೆಂದು ಅತ್ತೆ ದೇವಿಗೆ ಹರಕೆ ಹೇಳಿದ್ದರಂತೆ. ಹಾಗಾಗಿ ಮಗ ಕುಣಿಯುವುದು, ಅಪ್ಪ ಬಾರಿಸುವುದು. ಆ ಮೇಳದಲ್ಲಿ ಒಂದು ಕಟ್ಟುಕಟ್ಟಳೆ ಇತ್ತು. ತಾಸೆ ನಿಲ್ಲದೆ ಹುಲಿ ನಿಲ್ಲಬಾರದು. ನಿಂತರೆ ಹರಕೆ ಮುರಿದಂತೆ. ಸಾಕಾದರೆ ಹುಲಿ ಮುಖವಾಡದೊಳಗಿಂದ "ಯಾವು" ಎಂದು ಕೂಗಬೇಕು, ತುಳುವಿನಲ್ಲಿ ಸಾಕು ಎಂದು ಅರ್ಥ. ಅದನ್ನು ಕೇಳಿದ ತಾಸೆಯವನು ಕೊನೆಯ ಪೆಟ್ಟು ಹಾಕಿ ನಿಲ್ಲಿಸಬೇಕು. ದೇವಿಗೆಂದು ಬಾರಿಸುತ್ತಿರುವವನನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ತಡೆಯುವಂತಿಲ್ಲ. ಮೈತುಂಬ ಎಣ್ಣೆಬಣ್ಣ ಬಳಿದು, ಬೆವರಿಗೆ ದಾರಿಯಿಲ್ಲದೆ ಬಿಸಿಲಲ್ಲಿ ಕುಣಿಯುವ ಮನುಷ್ಯನ ಜೀವ ತಾಸೆಯವನ ಕಿವಿಯಲ್ಲಿ ಇರುತ್ತಿತ್ತು.

ಮೇಳದವರಿಗೆ ಇನ್ನೊಂದು ನಂಬಿಕೆಯೂ ಇತ್ತು. ನವರಾತ್ರಿ ಮುಗಿದ ಮೇಲೂ ಬಾರಿಸಿದವರ ಕಿವಿಯಲ್ಲಿ ಕೆಲವು ದಿನ ಗುಂಯ್ ಎಂದು ಸದ್ದು ಉಳಿಯುತ್ತಿತ್ತು. ಅದಕ್ಕೆ ಅವರು ಪ್ರಸಾದ ಎನ್ನುತ್ತಿದ್ದರು. ಎಷ್ಟು ದಿನ ಉಳಿಯಿತೋ ಅಷ್ಟು ಒಳ್ಳೆಯದಾಗಿ ಬಾರಿಸಿದ ಹಾಗೆ. "ನಿನಗೆ ಹೋಯ್ತಾ? ನನಗೆ ಇನ್ನೂ ಉಂಟು ಮಾರಾಯ!" ಎಂದು ಮಾವ ಡೋಲಿನವರನ್ನು ಹಂಗಿಸುತ್ತಿದ್ದರು. ಒಂದು ವರ್ಷ ದೀಪಾವಳಿಯವರೆಗೆ ಉಳಿಯಿತು. ಮರುವರ್ಷದ ನವರಾತ್ರಿ ಕಳೆದು ಆರು ತಿಂಗಳಾಗಿ, ತುಳುವರ ಹೊಸವರ್ಷದ ಬಿಸು ಹಬ್ಬದ ದಿನ ಪಾಯಸ ಉಣ್ಣುತ್ತಾ, "ಈ ಸಲ ಪ್ರಸಾದ ಹೋಗ್ಲೇ ಇಲ್ಲ ನೋಡು" ಎಂದು ಬೀಗಿದರು. ಅತ್ತೆ ಕೈ ಮುಗಿದರು. ನನಗೆ ಮಾತ್ರ ಕೈಯಲ್ಲಿದ್ದ ಸೌಟು ಭಾರವಾಯಿತು.

ಕಿವುಡು ಒಂದೇ ದಿನ ಬಂದು ಬಾಗಿಲು ತಟ್ಟುವುದಿಲ್ಲ. ಬರುತ್ತದೆ, ಮೂಲೆಯಲ್ಲಿ ಕೂತುಕೊಳ್ಳುತ್ತದೆ, ಮನೆಯವರೆಲ್ಲ ಅದಕ್ಕೆ ಬೇರೆ ಬೇರೆ ಹೆಸರು ಇಡುತ್ತಾರೆ. ಸೊಸೆ ಮಾವನ ಎದುರು ದನಿ ಎತ್ತಬಾರದು ಎಂಬ ಕಾಲ. ನಾನು ಬಾಗಿಲ ಸಂದಿಯಲ್ಲಿ ನಿಂತು "ಊಟಕ್ಕೆ ಆಯಿತು ಮಾವ" ಎನ್ನುತ್ತಿದ್ದೆ. ಅವರು ತಿರುಗಿಯೂ ನೋಡುತ್ತಿರಲಿಲ್ಲ. ಮನಸ್ಸಿನಲ್ಲೇ ಬೈದುಕೊಂಡದ್ದು ಎಷ್ಟು ಸಲವೋ. ಎಂಥ ಗರ್ವದ ಮನುಷ್ಯ ಎಂದು. ಅತ್ತೆಯಂತೂ, "ನಮ್ಮ ಸೊಸೆಯ ದನಿ ಹೊಸಿಲು ದಾಟುವುದಿಲ್ಲ" ಎಂದು ನೆರೆಕರೆಯಲ್ಲಿ ಹೊಗಳಿಕೊಳ್ಳುತ್ತಿದ್ದರು. ಮಳೆಗಾಲದ ಒಂದು ಸಂಜೆ ಬಿಜೈಯ ಗದ್ದೆಗಳಲ್ಲಿ ಜೀರುಂಡೆಗಳು ಕಿವಿ ಹರಿಯುವ ಹಾಗೆ ಕೂಗುತ್ತಿದ್ದವು. ಮಾವ ಬೀಡಿ ಹಚ್ಚಿ, "ಈ ವರ್ಷ ಜೀರುಂಡೆಗಳೇ ಇಲ್ಲ, ಎಲ್ಲ ಎಲ್ಲಿ ಸತ್ತುಹೋದವು?" ಎಂದರು. ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು.

ಅವರು ಮಾತ್ರ ತಪ್ಪನ್ನೆಲ್ಲ ತಾಸೆಯ ತಲೆಗೆ ಕಟ್ಟಿದರು. ಸದ್ದು ಮಂಕಾಗಿದೆ, ಚರ್ಮ ಸತ್ತಿದೆ ಎಂದು ಇನ್ನಷ್ಟು ಗರಿ ಉರಿಸಿ ಕಾಯಿಸುತ್ತಿದ್ದರು. ನಮಗೆಲ್ಲ ಆ ಪೆಟ್ಟಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಅವರು "ಸಾಲದು, ಸಾಲದು" ಎಂದು ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರು. ಚರ್ಮ ಸುಟ್ಟ ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಫಟ್ಟೆಂದು ಒಡೆದರೆ ಚರ್ಮ ಕೊಟ್ಟವನಿಗೆ ಬೈಗುಳ. "ಈಗಿನ ಆಡುಗಳಿಗೆ ತಾಕತ್ತೇ ಇಲ್ಲ, ಎಂತ ಹುಲ್ಲು ತಿಂತಾವೋ" ಎನ್ನುತ್ತಿದ್ದರು. ಹೆಚ್ಚು ಕಾಯಿಸಿದಷ್ಟೂ ಸದ್ದು ಹೆಚ್ಚು, ಸದ್ದು ಹೆಚ್ಚಿದಷ್ಟೂ ಕಿವಿ ಕಡಿಮೆ, ಕಿವಿ ಕಡಿಮೆಯಾದಷ್ಟೂ ಮತ್ತೆ ಬೆಂಕಿ.  ಡೋಲಿನವನೊಬ್ಬ ತಡೆಯಲಾರದೆ ಕಿವಿಗೆ ಹತ್ತಿ ತುರುಕಿಕೊಂಡದ್ದನ್ನು ಕಂಡು ಮಾವ ಅದನ್ನು ಕಿತ್ತೆಸೆದರು. "ಕಿವಿಗೆ ಹತ್ತಿ ಇಡುವುದು ಹೆಣಕ್ಕೆ. ನೀನು ಸತ್ತಿದ್ದೀಯಾ?" ಎಂದರು.

ಆಮೇಲೊಂದು ದಿನ ಕಾರ್ಖಾನೆಯ ಕೂಗು ಕೇಳಲಿಲ್ಲ ಅವರಿಗೆ. ಇಡೀ ಊರು ಗಡಿಯಾರದಂತೆ ನಂಬಿದ್ದ ಬೆಳಗಿನ ಕೂಗು ಅದು. ಅದು ಆಗಿ ಎಷ್ಟೋ ಹೊತ್ತಾದ ಮೇಲೂ ಅವರು ಅಂಗಳದಲ್ಲಿ ಕೂತು ಅದಕ್ಕಾಗಿ ಕಾಯುತ್ತಿದ್ದರು. ನಮ್ಮವರು ಬಲವಂತ ಮಾಡಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಒಳಗಿನ ನರ ಸದ್ದಿಗೆ ಸಾಯುತ್ತಾ ಬಂದಿದೆ, ಸತ್ತದ್ದು ಮರಳುವುದಿಲ್ಲ, ಉಳಿದದ್ದಾದರೂ ಉಳಿಯಬೇಕಾದರೆ ತಾಸೆ ಬಿಡಬೇಕು ಎಂದರಂತೆ ಡಾಕ್ಟರು. ಮನೆಗೆ ಬಂದು ಮಾವ ಏನು ಹೇಳಿದರು ಗೊತ್ತೇ? "ಆ ಡಾಕ್ಟ್ರಿಗೆ ದನಿಯೇ ಇಲ್ಲ ಮಾರಾಯ್ತಿ. ಬಾಯಿ ಆಡಿಸ್ತಾರೆ, ಮಾತು ಬರೂದಿಲ್ಲ" ಎಂದರು. ನಾವು ನಕ್ಕೆವು. ಅವರು ಮಾತ್ರ ನಗಲಿಲ್ಲ. ಅವರಿಗೆ ಗೊತ್ತಾಗಿದೆ ಎಂದು ನನಗೆ ಆಗ ಅನಿಸಿತು.

ನವರಾತ್ರಿ ಹತ್ತಿರ ಬಂತು. ನಾನು ನಮ್ಮವರಿಗೆ ಹೇಳಿದೆ, "ಈ ವರ್ಷ ಬೇರೆ ಯಾರಾದ್ರೂ ಬಾರಿಸ್ಲಿ. ನೀವು ಕೂಗಿದ್ದು ಅವರಿಗೆ ಕೇಳದಿದ್ರೆ ಎಂತ ಮಾಡ್ತೀರಿ?"

"ಅಪ್ಪನ ಕೈಯಿಂದ ತಾಸೆ ತೆಗೆದ್ರೆ ಅಪ್ಪ ಉಳೀತಾರಾ? ನನ್ನ ದನಿ ಅವರಿಗೆ ಕೇಳ್ತದೆ. ನೀನು ಸುಮ್ಮನಿರು" ಎಂದರು.

ನವರಾತ್ರಿಯಲ್ಲಿ ಆ ದಿನ ಪೇಟೆ ನಡುವಿನ ಹಂಪನಕಟ್ಟೆಯ ಒಂದು ದೊಡ್ಡ ಅಂಗಡಿಯ ಎದುರು ಕುಣಿತ. ನಡುಮಧ್ಯಾಹ್ನ. ಹೊಸ ಚರ್ಮ ಹಾಕಿದ ತಾಸೆಯನ್ನು ಮಾವ ಹೊಗೆ ಏಳುವಷ್ಟು ಕಾಯಿಸಿದ್ದರು. ನಾನೂ ಅತ್ತೆಯೂ ಅಂಗಡಿಯ ಜಗಲಿಯ ಮೇಲೆ ನಿಂತಿದ್ದೆವು. ಎಂಥ ಕುಣಿತ ಅದು! ಜನ ಮರ ಹತ್ತಿದ್ದರು, ಬಸ್ಸು ನಿಲ್ಲಿಸಿ ಡ್ರೈವರು ಇಳಿದು ಬಂದಿದ್ದ. ತಾಸೆಯ ಪೆಟ್ಟು ಒಂದರ ಮೇಲೊಂದು ಓಟಕ್ಕೆ ಬಿದ್ದಾಗ ಮಾವ ಕಣ್ಣು ಮುಚ್ಚಿದರು. ಓಟದ ಪೆಟ್ಟಿಗೆ ಅವರು ಯಾವಾಗಲೂ ಹಾಗೆಯೇ. ಮುಖದಲ್ಲಿ ಮಕ್ಕಳು ನಿದ್ದೆಯಲ್ಲಿ ನಗುವಂಥ ನಗು. ಹೊರಗಿನ ಸದ್ದು ಅಷ್ಟು ದೊಡ್ಡದಾದಾಗ ಮಾತ್ರ ಅವರಿಗೆ ಹಳೆಯ ಕಿವಿ ಮರಳಿ ಬರುತ್ತಿತ್ತೋ ಏನೋ.

ಹುಲಿ "ಯಾವು" ಎಂದು ಕೂಗಿದ್ದು ನನಗೆ ಕೇಳಿಸಿತು. ಡೋಲಿನವರಿಗೂ ಕೇಳಿಸಿ ಅವರು ಮಾವನ ಮುಖ ನೋಡಿದರು. ತಾಸೆ ನಿಲ್ಲಲಿಲ್ಲ. ಹುಲಿ ಮತ್ತೆ ಕೂಗಿತು. ಜನ ಅದನ್ನು ಆವೇಶ ಎಂದು ತಿಳಿದು ಸಿಳ್ಳೆ ಹಾಕಿದರು. ಡೋಲಿನವರು ಬಾರಿಸುವುದನ್ನು ನಿಲ್ಲಿಸಿಯೇ ಬಿಟ್ಟರು, "ಅಣ್ಣಾ, ಅಣ್ಣಾ" ಎಂದು ಕೂಗಿದರು. ಮುಟ್ಟಲು ಮಾತ್ರ ಒಬ್ಬನಿಗೂ ಧೈರ್ಯವಿಲ್ಲ. ಡೋಲು ನಿಂತದ್ದೂ ಮಾವನಿಗೆ ತಿಳಿಯಲಿಲ್ಲ. ನಮ್ಮವರು ಮೊಣಕಾಲೂರಿ ಬಿದ್ದರು. ಬಿದ್ದಲ್ಲೇ ಹೆಗಲು ಕುಣಿಸುತ್ತಿದ್ದರು, ಹರಕೆ ಮುರಿಯಬಾರದಲ್ಲ! ಹಳದಿ ಬಣ್ಣದ ಎದೆ ಏರುವುದು ಕಾಣುತ್ತಿತ್ತು, ಇಳಿಯುವುದು ಕಾಣುತ್ತಿರಲಿಲ್ಲ.

"ಮಾವಾ!" ಎಂದು ಕಿರುಚಿದೆ. ಹುಟ್ಟಿದ ಮೇಲೆ ಅಷ್ಟು ದೊಡ್ಡ ದನಿ ನನ್ನ ಗಂಟಲಿನಿಂದ ಹೊರಟಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು, ಅವರೊಬ್ಬರನ್ನು ಬಿಟ್ಟು. ಅತ್ತೆ ನನ್ನ ಸೆರಗು ಹಿಡಿದದ್ದು, ನಾನು ಕೊಸರಿಕೊಂಡದ್ದು, ಜಗಲಿ ಹಾರಿದ್ದು ಯಾವುದೂ ಸರಿಯಾಗಿ ನೆನಪಿಲ್ಲ. ಓಡಿಹೋಗಿ ಎಡ ಅಂಗೈಯನ್ನು ತಾಸೆಯ ಚರ್ಮದ ಮೇಲೆ ಇಟ್ಟುಬಿಟ್ಟೆ. ಬೀಸಿ ಬಂದ ಕೋಲು ಕಿರುಬೆರಳಿನ ಮೇಲೆ ಬಿತ್ತು. ಲಟಕ್ ಎಂದಿತು ಬೆರಳು.

ತಾಸೆ ನಿಂತಿತು. ಮಾವ ಕಣ್ಣು ಬಿಟ್ಟರು. ಮೊದಲು ಸಿಟ್ಟು. "ಎಂತ ಮಾಡಿದೆ ಹೆಣ್ಣೇ!" ಎಂದು ಗುಡುಗಿದರು. ಆಮೇಲೆ ನನ್ನ ಬಾಯಿ ಆಡುತ್ತಿರುವುದನ್ನು ನೋಡಿದರು, ಸುಮ್ಮನೆ ನಿಂತ ಡೋಲುಗಳನ್ನು ನೋಡಿದರು. ಕೊನೆಗೆ ನೆಲದಲ್ಲಿ ಬಿದ್ದಿದ್ದ ಮಗನನ್ನು ನೋಡಿದರು. ಕೋಲುಗಳು ಕೈಯಿಂದ ಜಾರಿದವು.

ಆಸ್ಪತ್ರೆಯಲ್ಲಿ ಸೀಮೆಎಣ್ಣೆ ಹಾಕಿ ಬಣ್ಣ ಉಜ್ಜಿ ತೆಗೆದು, ಗ್ಲೂಕೋಸ್ ಏರಿಸಿ, ಅಂತೂ ನಮ್ಮವರನ್ನು ಉಳಿಸಿದರು. ಎದೆ ಮಾತ್ರ ಮೊದಲಿನಂತಾಗಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆಯಬೇಕು. ಆ ದಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಾವ ನನ್ನ ಪಕ್ಕ ಬಂದು ಕೂತರು. ಸೊಸೆಯ ಪಕ್ಕದಲ್ಲಿ ಅವರು ಹಾಗೆ ಕೂತದ್ದು ಅದೇ ಮೊದಲು.

"ಅವನು ಕೂಗಿದ್ನಾ?" ಎಂದು ಕೇಳಿದರು.

ನಾನು ಅವರ ಕಿವಿಗೆ ಬಾಯಿ ಇಟ್ಟು, "ಕೂಗಿದ್ರು ಮಾವ, ತುಂಬ ಕೂಗಿದ್ರು" ಎಂದು ಕಿರುಚಿದೆ. ಒಳಗಿನಿಂದ ನರ್ಸಮ್ಮ ಬಂದು ಗದರಿದರು. ಮಾವ ಬ್ಯಾಂಡೇಜು ಸುತ್ತಿದ ನನ್ನ ಬೆರಳನ್ನು ಮುಟ್ಟಿ, "ಇನ್ನು ನೀನು ಸಣ್ಣಕೆ ಮಾತಾಡ್ಬಾರ್ದು ಮಗಾ. ನಮ್ಮ ಮನೆಯಲ್ಲಿ ನಿನ್ನ ದನಿಯೇ ದೊಡ್ಡದಿರ್ಲಿ" ಎಂದರು.

ಅವರು ಮತ್ತೆ ತಾಸೆ ಮುಟ್ಟಲಿಲ್ಲ. ಅರವತ್ತರ ದಶಕದಲ್ಲಿ ಪ್ರತಿ ನವರಾತ್ರಿಗೂ ಮೇಳದ ಮುಂದೆ, ಬಾರಿಸುವವರಿಗೆ ಬೆನ್ನು ಮಾಡಿ, ಹುಲಿಗಳ ಕಡೆಗೆ ಕಣ್ಣು ನೆಟ್ಟು, ಒಂದು ಕೈ ಎತ್ತಿ ನಿಲ್ಲುತ್ತಿದ್ದರು. ಆ ಕೈ ಇಳಿದರೆ ತಾಸೆ ನಿಲ್ಲಬೇಕು. ಯಾವ ಹುಲಿಯೂ ಅಲ್ಲಿಂದ ಮುಂದೆ ಕೂಗಬೇಕಾಗಲಿಲ್ಲ. ಬೀಡಿ ಇರುತ್ತಿದ್ದ ಕಿವಿಸಂದಿಯಲ್ಲಿ ಹತ್ತಿಯ ಸುರುಳಿ ಇಟ್ಟುಕೊಂಡು ಬಂದು, ಹೊಸಬರಿಗೆಲ್ಲ ಹರಿದು ಹರಿದು ಕೊಡುತ್ತಿದ್ದರು. "ಇಡಿ ಮಕ್ಕಳೇ, ಇದು ಹೆಣಕ್ಕಲ್ಲ, ಬದುಕುವವರಿಗೆ" ಎನ್ನುತ್ತಿದ್ದರು. ಕೆಲವರು ನಕ್ಕರು, ಕೆಲವರು ಇಟ್ಟುಕೊಂಡರು.

ಕಿವಿ ಪೂರ್ತಿ ಹೋದ ಮೇಲೆ ಮೌನವಾದರೂ ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲ. ಪ್ರಸಾದ ಬಿಡಲಿಲ್ಲ. ಉಣ್ಣುವಾಗ, ಮಲಗುವಾಗ ಒಳಗೆ ಅದೇ ಓಟದ ಪೆಟ್ಟು. ಒಮ್ಮೆ ಜಗಲಿಯ ಕಂಬಕ್ಕೆ ಒರಗಿ ಹೇಳಿದರು, "ಹೊರಗಿನ ತಾಸೆಗೆ ನೀನು ಕೈ ಇಟ್ಟೆ. ಇದಕ್ಕೆ ಕೈ ಇಡುವವರು ಯಾರೂ ಇಲ್ಲ ಮಗಾ." ನನಗೆ ಅಳು ತಡೆಯಲಾಗಲಿಲ್ಲ, ಹಿತ್ತಲಿಗೆ ಎದ್ದುಹೋದೆ.

ಆ ದಶಕ ಮುಗಿಯುತ್ತಾ ಬಂದಾಗ, ಹಾಸಿಗೆ ಹಿಡಿದಿದ್ದ ಮಾವ ಒಂದು ಬೆಳಿಗ್ಗೆ, ಗಂಜಿ ಕುಡಿಸಲು ಹೋದ ನನ್ನ ಕೈಯನ್ನು ಹಿಡಿದುಕೊಂಡರು. ಅದೇ ಎಡಗೈ, ಸೊಟ್ಟ ಕಿರುಬೆರಳಿನದು. ಆ ದೊಡ್ಡ ಕಿವಿಯ ಮೇಲೆ ನನ್ನ ಅಂಗೈಯನ್ನು ಒತ್ತಿ ಇಟ್ಟುಕೊಂಡರು. ಎಷ್ಟೋ ಹೊತ್ತಿನ ಮೇಲೆ ಮುಖ ಸಡಿಲವಾಯಿತು. "ನಿಂತಿತು" ಎಂದರು. ಹಂಚಿನ ಕಾರ್ಖಾನೆ ಕೂಗಿತು. ನಾನು ಕೈ ತೆಗೆಯಲಿಲ್ಲ. ತೆಗೆಯುವಷ್ಟರಲ್ಲಿ ಅವರಿರಲಿಲ್ಲ.

ಮಧ್ಯಾಹ್ನ ಶವವನ್ನು ಅಂಗಳಕ್ಕೆ ತಂದು ಸ್ನಾನ ಮಾಡಿಸಿದರು. ನೆಂಟರೊಬ್ಬರು ಹತ್ತಿ ಉಂಡೆ ಮಾಡಿ ಮೂಗಿಗೆ ಇಟ್ಟು, ಕಿವಿಗೆ ಇಡಲು ಬಗ್ಗಿದರು.

"ಕಿವಿಗೆ ಬೇಡ! ಅದು ಬದುಕುವವರಿಗೆ ಅಂದಿದ್ರು ಮಾವ!" ಎಂದೆ.

ಆ ದನಿ ಗದ್ದೆ ದಾಟಿ ರಸ್ತೆಯವರೆಗೆ ಹೋಗಿರಬೇಕು. ಮನೆ ತುಂಬ ಜನ, ಹಿರಿಯರೆಲ್ಲ ಇದ್ದರು, ಅತ್ತೆ ಇದ್ದರು.  ಆ ನೆಂಟರು ಹತ್ತಿಯನ್ನು ಕೆಳಗಿಟ್ಟರು.